ಸುಣ್ಣದ ಕಲ್ಲಿನ ಕಾವಲು

ಇಳಕಲ್
10 ಫೆಬ್ರುವರಿ 2025

ಇಂದ್ರಾಬಾಯಿ ಅಕ್ಕೋರಿಗೆ ಶರಣು ಶರಣಾರ್ಥಿ.

ಬಾದಾಮಿಯ ಶಿಕ್ಷಕರ ತರಬೇತಿಯಲ್ಲಿ ನೀವು ಎದ್ದು ನಿಂತು, "ಫೋನಿನ್ಯಾಗ ಹೇಳಿದ್ದು ಗಾಳಿಗೆ ಹೋಗ್ತದ್ರಿ, ನನಗ ಏನ ಹೇಳೂದಿದ್ರೂ ಕಾಗದಾ ಬರೀರಿ" ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ನೋಡಿ, ಉಳಿದ ಶಾಲೆಗಳಿಗೆಲ್ಲ ವಾಟ್ಸಾಪಿನಲ್ಲಿ ಒಂದೇ ಸಂದೇಶ ಒತ್ತಿ ಕೈ ತೊಳೆದುಕೊಂಡವಳು, ನಿಮ್ಮೊಬ್ಬರಿಗಾಗಿ ಅಂಚೆ ಲಕೋಟೆ ಹುಡುಕುತ್ತ ಇಳಕಲ್ಲಿನ ಪೇಟೆ ಸುತ್ತಿ ಬಂದೆ.

ಕೆಲಸ ಇಷ್ಟೇ. ಟಿಟ್ಟಿಭದಂಥ ಹಕ್ಕಿಗಳು ಗಿಡದ ಮೇಲೆ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಾಗ ದಂಡೆಯ ಹರಳಿನ ನೆಲದಲ್ಲಿ ಕಾಲಿನಿಂದ ಸಣ್ಣ ತಗ್ಗು ಮಾಡಿ ಅಲ್ಲೇ ತತ್ತಿ ಇಡುತ್ತವೆ. ತತ್ತಿ ಯಾವುದು, ಹರಳು ಯಾವುದು ಗೊತ್ತಾಗುವುದಿಲ್ಲ. ದನ ತುಳಿಯುತ್ತವೆ, ಟ್ರ್ಯಾಕ್ಟರ್ ಹಾಯುತ್ತದೆ. ಹಾಗಾಗಿ ಈ ವರ್ಷ ನಮ್ಮ ಶಾಲಾ ಕಾರ್ಯಕ್ರಮಕ್ಕೆ 'ನೆಲಗೂಡು ಕಾವಲು' ಎಂದು ಹೆಸರಿಟ್ಟಿದ್ದೇನೆ. ಮಕ್ಕಳು ನಿಮ್ಮ ಜೊತೆ ಹೋಗಿ ಗೂಡು ಹುಡುಕಬೇಕು. ತತ್ತಿ ಮುಟ್ಟಬಾರದು. ಗೂಡಿನಿಂದ ಒಂದು ಮಾರು ದೂರ ಬಿಟ್ಟು ಸುತ್ತ ಐದು ಕಲ್ಲು ಇಟ್ಟು ಸುಣ್ಣ ಬಳಿಯಬೇಕು. ದೂರದಿಂದಲೇ ಬಿಳುಪು ಎದ್ದು ಕಾಣಬೇಕು, ಫೋಟೋದಲ್ಲೂ ಕಾಣಬೇಕು. ನಮಗೆ ನೆರವು ಕೊಡುವ ಬೆಂಗಳೂರಿನ ಸಂಸ್ಥೆಯವರು ಏಪ್ರಿಲ್ ಮೊದಲ ವಾರ ನೋಡಲು ಬರುತ್ತಾರೆ. ಶಿವಯೋಗ ಮಂದಿರದ ಹತ್ತಿರ ಹೊಳೆದಂಡೆಯ ಶಾಲೆ ಎಂದರೆ ನಿಮ್ಮದೇ. ಅವರನ್ನು ಮೊದಲು ನಿಮ್ಮಲ್ಲಿಗೇ ಕರೆತರುವ ಆಸೆ ನನ್ನದು.

ನಿಮ್ಮ
ಮಹೇಶ್ವರಿ

*

3 ಮಾರ್ಚ್ 2025

ಮಹೇಶ್ವರಿ ಮೇಡಮ್ಮನವರಿಗೆ ಇಂದ್ರಾಬಾಯಿಯ ನಮಸ್ಕಾರ.

ನಿಮ್ಮ ಕಾಗದ ಕಂಡು ನಮ್ಮ ಪೋಸ್ಟಮ್ಯಾನ್ ಅಬ್ದುಲಸಾಬರಿಗೆ ನನಗಿಂತ ಹೆಚ್ಚು ಸಂತೋಷವಾಯಿತು. ಬ್ಯಾಂಕಿನವರ ನೋಟೀಸು ಬಿಟ್ಟು ಬೇರೆ ಲಕೋಟೆ ಈ ಊರಿಗೆ ಬಂದು ಎಷ್ಟು ವರ್ಷವಾಯಿತೋ ಎಂದರು.

ಗೂಡು ಸಿಕ್ಕಿವೆ. ಸಿಕ್ಕಿವೆ ಎಂದರೆ ನನಗಲ್ಲ. ನಾನು ಗುಳೇದಗುಡ್ಡದ ಮಗ್ಗದ ಮನೆಯವಳು. ಖಣದ ಅಂಚಿನಲ್ಲಿ ಎಳೆ ತಪ್ಪಿದರೆ ದೂರದಿಂದ ಹೇಳುತ್ತೇನೆ, ಹೊಲ ಹೊಳೆಯ ವಿಚಾರಕ್ಕೆ ಬಂದರೆ ಕಣ್ಣಿದ್ದೂ ಕುರುಡಿ. ಹುಡುಕುವವಳು ಆರನೇ ತರಗತಿಯ ಕಸ್ತೂರಿ. ಉಳಿದ ಹುಡುಗರು ಗದ್ದಲ ಮಾಡುತ್ತ ಓಡಾಡುತ್ತಿದ್ದರೆ ಈ ಹುಡುಗಿ ಸುಮ್ಮನೆ ಒಂದು ಕಡೆ ಕುಕ್ಕರಗಾಲಲ್ಲಿ ಕೂತು ನೋಡುತ್ತಾಳೆ. ಆಮೇಲೆ ಎದ್ದು, "ಅಲ್ಲಿ ಅದ ನೋಡ್ರಿ ಅಕ್ಕೋರ" ಎನ್ನುತ್ತಾಳೆ. ಹೋಗಿ ನೋಡಿದರೆ ಇರುತ್ತದೆ! ಅವಳ ಅಪ್ಪ ಚಂದಪ್ಪನ ಮನೆತನ ಹಿಂದೆ ಬಲೆ ಬೀಸಿ ಹಕ್ಕಿ ಹಿಡಿಯುತ್ತಿದ್ದವರದು. ಈಗ ಅವನು ಗೌಂಡಿ ಕೆಲಸ ಮಾಡುತ್ತಾನೆ. ಹುಡುಗರು ಚೇಷ್ಟೆ ಮಾಡುತ್ತಾರೆ, ನಾನು ಗದರಿಸಿದ್ದೇನೆ. ಅವಳು ನನ್ನ ಕೈಹಿಡಿದುಕೊಂಡು ನಡೆಯುವುದು ರೂಢಿಯಾಗಿದೆ. ನನಗೂ ಹಿತವಾಗಿದೆ.

ಒಂದು ಸಂಶಯ. ಕಲ್ಲಿಗೆ ಸುಣ್ಣ ಬಳಿದ ಮೇಲೆ ಕಲ್ಲೇಶ ಎಂಬ ಹುಡುಗ ಅಡ್ಡಡ್ಡ ಕೆಮ್ಮಣ್ಣಿನ ಪಟ್ಟಿ ಎಳೆದಿದ್ದಾನೆ. ಕೇಳಿದರೆ, "ದೇವರಂಗ ಕಂಡ್ರ ಯಾರೂ ತುಳ್ಯಂಗಿಲ್ರಿ" ಎಂದ. ಚೆಂದವೇನೋ ಕಾಣುತ್ತದೆ, ಫೋಟೋ ಜೊತೆಗಿಟ್ಟಿದ್ದೇನೆ. ಆದರೆ ನಿಮ್ಮ ಸೂಚನೆಯಲ್ಲಿ ಕೆಮ್ಮಣ್ಣು ಇರಲಿಲ್ಲ. ತೊಳೆಸಲೇ? ನೀವು ಹುನಗುಂದ ಕಡೆಯ ಒಕ್ಕಲುತನದ ಮನೆಯವರು, ನಿಮಗೆ ತಿಳಿಯುತ್ತದೆ.

ಇಂದ್ರಾಬಾಯಿ

*

ಇಳಕಲ್
12 ಮಾರ್ಚ್ 2025

ಪ್ರೀತಿಯ ಅಕ್ಕೋರೆ,

ತೊಳೆಸಬೇಡಿ, ದಯವಿಟ್ಟು ತೊಳೆಸಬೇಡಿ! ನೀವು ಕಳಿಸಿದ ಫೋಟೋ ನೋಡಿ ಕುಣಿದಾಡಿದೆ. ಕಂದು ಬಣ್ಣದ ದಂಡೆಯ ಮೇಲೆ ಬಿಳಿ, ಕೆಂಪು ಕಲ್ಲು! ಕಲ್ಲೇಶನ ಬುದ್ಧಿಗೆ ಶಭಾಸ್ ಹೇಳಿ. ನಾವು ಎಂಎಸ್ಸಿ ಓದಿ, ಎಷ್ಟೋ ಕಮ್ಮಟ ಮುಗಿಸಿ, ಜನರ ನಂಬಿಕೆಯನ್ನು ಜೊತೆಗಿಟ್ಟುಕೊಂಡು ಸಂರಕ್ಷಣೆ ಮಾಡಬೇಕು ಎಂದು ಭಾಷಣ ಬಿಗಿಯುತ್ತೇವೆ. ಈ ಹುಡುಗ ಕೆಮ್ಮಣ್ಣಿನಲ್ಲಿ ಮಾಡಿ ತೋರಿಸಿದ. ಹುನಗುಂದ ತಾಲ್ಲೂಕಿನ ಶಾಲೆಗಳಿಗೂ ಪಟ್ಟಿ ಎಳೆಯಿರಿ ಎಂದು ಸಂದೇಶ ಕಳಿಸಿಬಿಟ್ಟೆ. ಎಲ್ಲಕ್ಕಿಂತ ಚೆಂದದ ಕಾವಲು ಕಲ್ಲಿಗೆ ಬಹುಮಾನವನ್ನೂ ಸಾರಿದ್ದೇನೆ.

ಅತಿಥಿಗಳು ಏಪ್ರಿಲ್ ಐದರಂದು ಬರುವುದು ಖಚಿತ. ಅವರಿಗೆ ಗೂಡು ತೋರಿಸಿ ವಿವರಿಸುವವಳು ಕಸ್ತೂರಿಯೇ ಆಗಲಿ. ಬೇಟೆಯ ಮನೆಯ ಮಗಳು ಹಕ್ಕಿಗೆ ಕಾವಲು ನಿಂತಳು ಎಂದರೆ ಕೇಳುವವರ ಮನಸ್ಸು ಕರಗುತ್ತದೆ. ಅವಳಿಗೆ ಮಾತು ಕಲಿಸಿಕೊಡಿ.

ನಿಮ್ಮ
ಮಹೇಶ್ವರಿ

*

1 ಏಪ್ರಿಲ್ 2025

ಮೇಡಮ್ಮನವರಿಗೆ,

ಹೇಗೆ ಬರೆಯಲಿ ಎಂದು ತಿಳಿಯುತ್ತಿಲ್ಲ. ಯುಗಾದಿ ಅಮಾವಾಸ್ಯೆ, ಪಾಡ್ಯ, ಮರುದಿನ ರಂಜಾನ್ ಎಂದು ಸಾಲಾಗಿ ಸೂಟಿ ಇತ್ತು. ಇಂದು ಶಾಲೆ ತೆರೆದ ಕೂಡಲೇ ಮಕ್ಕಳು ಹೊಳೆಗೆ ಓಡಿದರು. ಒಂದು ಗೂಡಿನಲ್ಲೂ ತತ್ತಿ ಇಲ್ಲ. ಎಲ್ಲ ಗೂಡುಗಳೂ ಬರಿದು. ಹಕ್ಕಿಗಳು ನಮ್ಮ ತಲೆಯ ಮೇಲೆ ಚೀರುತ್ತ ಸುತ್ತಿದವು. ಚಿಕ್ಕ ಮಕ್ಕಳು ಅತ್ತುಬಿಟ್ಟರು.

ಕಲ್ಲುಗಳು ಇದ್ದಲ್ಲೇ ಇವೆ. ಅವುಗಳಿಗೆ ಯಾರೋ ಕುಂಕುಮ ಹಚ್ಚಿದ್ದಾರೆ. ಅಮಾವಾಸ್ಯೆಗೆ ಎತ್ತಿನ ಮೈತೊಳೆಯಲು ಹೊಳೆಗೆ ಬಂದವರು ಕೈಮುಗಿದು ಹೋಗಿರಬೇಕು. ಕೈಮುಗಿಯುವವರು ತತ್ತಿಗೆ ಕೈ ಹಾಕುತ್ತಾರೆಯೇ? ದೇವರಿಗೂ ಹೆದರದ ಯಾರದೋ ಕೆಲಸ ಇದು. ಊರಲ್ಲಿ ಚಂದಪ್ಪನ ಹೆಸರು ಹೇಳುತ್ತಿದ್ದಾರೆ. ಶಾಲಾ ಸಮಿತಿಯ ಅಧ್ಯಕ್ಷರಾದ ಕಾಶಪ್ಪ ಬಂದು, "ಗೂಡು ಎಲ್ಲಿ ಅದಾವಂತ ಮಗಳು ಮನ್ಯಾಗ ಹೇಳಿರ್ತಾಳ್ರಿ, ಅಪ್ಪ ಎತ್ತಿರ್ತಾನ. ಅದರಾಗ ಏನ ವಿಚಾರ ಮಾಡೂದು" ಎಂದು ತೀರ್ಪು ಕೊಟ್ಟು ಹೋದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಕಸ್ತೂರಿ ಬೆಳಗಿನಿಂದ ಯಾರ ಜೊತೆಯೂ ಮಾತಾಡಿಲ್ಲ. ಅದು ನನ್ನನ್ನು ಕಾಡುತ್ತಿದೆ.

ಐದಕ್ಕೆ ಅತಿಥಿಗಳು ಬರುತ್ತಾರೆ. ಏನು ಮಾಡಲಿ, ಹೇಳಿ.

ಇಂದ್ರಾಬಾಯಿ

*

ಇಳಕಲ್
3 ಏಪ್ರಿಲ್ 2025

ಅಕ್ಕೋರೆ,

ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಬಾದಾಮಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ. ಅತಿಥಿಗಳನ್ನು ನಿಮ್ಮಲ್ಲಿಗೆ ಕರೆತರುವುದಿಲ್ಲ, ನನ್ನ ತವರೂರಿನ ಶಾಲೆಗೆ ಕರೆದೊಯ್ಯುತ್ತೇನೆ. ಅದೂ ಹುನಗುಂದ ಕಡೆಯ ಮಲಪ್ರಭೆಯ ದಂಡೆಯೇ.

ನಿಮ್ಮ ಮನಸ್ಸು ಮೃದು. ನನಗೂ ಬೇಸರವೇ. ಆದರೆ ತಲೆತಲಾಂತರದಿಂದ ಬಂದ ಚಾಳಿ ಒಂದು ಪಾಠದಿಂದ ಹೋಗುವುದಿಲ್ಲ ಎಂಬುದನ್ನು ನಮ್ಮ ಕೆಲಸದಲ್ಲಿ ಬಹಳ ಕಡೆ ನೋಡಿದ್ದೇನೆ. ಹುಡುಗಿಯನ್ನು ನಯವಾಗಿ ವಿಚಾರಿಸಿ. ಅತಿಥಿಗಳು ಕೇಳಿದರೆ ನಾನು ಒಂದು ಕಾರಣ ಹೇಳಬೇಕಾಗುತ್ತದೆ. ಸದ್ಯಕ್ಕೆ ಅವಳನ್ನು ಹೊಳೆಯ ಕಡೆ ಕಳಿಸಬೇಡಿ.

ಮಹೇಶ್ವರಿ

*

ಇಳಕಲ್
12 ಏಪ್ರಿಲ್ 2025

ಇಂದ್ರಾಬಾಯಿ ಅಕ್ಕೋರಿಗೆ ನಮಸ್ಕಾರ.

ಅತಿಥಿಗಳ ಭೇಟಿ ಚೆನ್ನಾಗಿ ಮುಗಿಯಿತು. ಅವರು ಒಂದು ಟಿಟ್ಟಿಭ ಕಾವು ಕೂತಿದ್ದನ್ನು ದುರ್ಬೀನಿನಲ್ಲಿ ನೋಡಿ ಸಂತೋಷಪಟ್ಟರು. ಕಾರ್ಯಕ್ರಮ ಇನ್ನೂ ಎರಡು ವರ್ಷ ಮುಂದುವರಿಯುತ್ತದೆ. ನಿಮ್ಮ ಶ್ರಮವೂ ಅದರಲ್ಲಿದೆ.

ಮುಂದಿನ ವರ್ಷದಿಂದ ಕಲ್ಲು ಇಡುವುದು ಬೇಡ. ಸುಣ್ಣವೂ ಬೇಡ. ಬೇರೆ ದಾರಿ ಯೋಚಿಸೋಣ. ಈಗ ಇರುವ ಕಲ್ಲುಗಳನ್ನು ಸಾಧ್ಯವಾದರೆ ಹೊಳೆಗೆ ಹಾಕಿಸಿ.

ಕಸ್ತೂರಿಯನ್ನು ವಿಚಾರಿಸುವುದೇನೂ ಬೇಡ. ಮಗು, ಬಿಡಿ. ಹೇಗಿದ್ದಾಳೆ?

ಮಹೇಶ್ವರಿ

*

ಗುಳೇದಗುಡ್ಡ
18 ಏಪ್ರಿಲ್ 2025

ಮೇಡಮ್ಮನವರಿಗೆ,

ಬೇಸಿಗೆ ಸೂಟಿಗೆ ಮನೆಗೆ ಬಂದಿದ್ದೇನೆ. ನಿಮ್ಮ ಕಾಗದ ಇಲ್ಲಿಗೆ ತಿರುಗಿ ಬಂತು. ವಿಚಾರಿಸುವುದು ಬೇಡ ಎಂದು ಹನ್ನೆರಡಕ್ಕೆ ಬರೆದಿದ್ದೀರಿ. ವಿಚಾರಿಸಿ ಎಂದು ಬರೆದದ್ದು ಮೂರಕ್ಕೆ. ನಾನು ನಾಲ್ಕಕ್ಕೇ ವಿಚಾರಿಸಿಯಾಗಿತ್ತು. ಹುಡುಗಿ ಬಾಯಿ ಬಿಡಲಿಲ್ಲ. ಮರುದಿನದಿಂದ ಶಾಲೆಗೆ ಬರಲಿಲ್ಲ. ಚಂದಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗೋವೆಗೆ ದುಡಿಯಲು ಹೋದನೆಂದು ಸುದ್ದಿ. ಅವನ ತಾಯಿ, ಮುದುಕಿ ಸಕ್ರವ್ವ ಮಾತ್ರ ಮನೆಯಲ್ಲಿದ್ದಾಳೆ.

ಕಲ್ಲು ಏಕೆ ಬೇಡ? ಮಾರ್ಚಿನಲ್ಲಿ ಕುಣಿದಾಡಿದ ಕಲ್ಲು ಏಪ್ರಿಲ್‌ನಲ್ಲಿ ಹೊಳೆಗೆ ಹಾಕುವಂಥದ್ದು ಏಕಾಯಿತು? ನನಗೆ ಅರ್ಥವಾಗುವ ಹಾಗೆ ಒಂದು ಸಾಲು ಬರೆಯಿರಿ.

ಇಂದ್ರಾಬಾಯಿ

*

9 ಜೂನ್ 2025

ಕಾರ್ಯಕ್ರಮದ ವ್ಯವಸ್ಥಾಪಕರಿಗೆ,

ಏಪ್ರಿಲ್‌ನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬಂದಿಲ್ಲ. ಬಿಡಿ. ಈಗ ಬೇರೆ ಪ್ರಶ್ನೆ ಇದೆ.

ನಿಮ್ಮ ಅತಿಥಿಗಳ ಸಂಸ್ಥೆ ಅಚ್ಚು ಹಾಕಿಸಿದ ಪತ್ರಿಕೆ ಶಾಲೆಗೆ ಬಂತು. ನಮ್ಮ ಹೊಳೆದಂಡೆಯ ಫೋಟೋ, ಊರಿನ ಹೆಸರು ಎರಡೂ ಇವೆ. ಕೆಳಗೆ ಹೀಗಿದೆ: 'ಸ್ಥಳೀಯ ಬೇಟೆಗಾರ ಕುಟುಂಬವೊಂದು ತತ್ತಿಗಳನ್ನು ಅಪಹರಿಸಿದ್ದರಿಂದ ಇಲ್ಲಿನ ಮಕ್ಕಳ ಶ್ರಮ ವ್ಯರ್ಥವಾಯಿತು.' ಈ ಊರಲ್ಲಿ ಅಂಥ ಕುಟುಂಬ ಒಂದೇ. ಯಾರೋ ಆ ಪುಟದ ಫೋಟೋ ತೆಗೆದು ಊರಿನ ವಾಟ್ಸಾಪಿಗೆ ಹಾಕಿದರು. ಗೋವೆಯಲ್ಲಿ ಚಂದಪ್ಪನ ಜೊತೆ ದುಡಿಯುವವರು ಅದನ್ನು ಅವನಿಗೇ ಓದಿ ಹೇಳಿ ನಕ್ಕರಂತೆ. ಅವನು ಆ ಕೆಲಸ ಬಿಟ್ಟು ಬೇರೆ ಕಡೆ ಹೋದನಂತೆ.

ಶಾಲೆ ತೆರೆದಿದೆ. ಏಳನೇ ತರಗತಿಯ ಹಾಜರಿಯಲ್ಲಿ ನಾನು ಕಸ್ತೂರಿ ಎಂದು ಕೂಗುತ್ತೇನೆ, ಉತ್ತರವಿಲ್ಲ. ಇಂದು ಬೆಳಿಗ್ಗೆ ಸಕ್ರವ್ವ ಬಂದು ಶಾಲೆಯ ಕಟ್ಟೆಯ ಮೇಲೆ ಕೂತಳು. ಒಳಗೆ ಬಾ ಎಂದರೂ ಬರಲಿಲ್ಲ. "ನಮ್ಮ ಮಾವ ಹಕ್ಕಿ ಹಿಡದಾನ್ರಿ, ಖರೆ ಐತಿ. ನನ್ನ ಮಗ ಹಿಡದಿಲ್ಲ. ಆ ಹುಡುಗಿಗಂತೂ ಹಕ್ಕಿ ಅಂದ್ರ ಜೀವ. ಕಳ್ಳರು ಅಂತ ಬರದವರು ಯಾರದಾರ, ಅವರ ನಮ್ಮನಿ ಮುಂದ ನಿಂತು ಅನ್ಲಿ. ಇನ್ನ ಹುಡುಗಿ ಸಾಲಿ ಮೆಟ್ಟಲಾ ಹತ್ತಂಗಿಲ್ಲ" ಎಂದಳು. ಚಂದಪ್ಪ ಮಗಳ ಹೆಸರು ತೆಗೆಸಿ ಗೋವೆಯಲ್ಲೇ ಕೆಲಸಕ್ಕೆ ಹಚ್ಚುತ್ತಾನಂತೆ.

ಆ ಸಾಲು ಯಾರ ಬಾಯಿಂದ ಹೋಯಿತು? ಇಷ್ಟು ಮಾತ್ರ ಹೇಳಿ.

ಇಂದ್ರಾಬಾಯಿ
ಸಹ ಶಿಕ್ಷಕಿ

*

ಇಳಕಲ್
14 ಜೂನ್ 2025

ಅಕ್ಕೋರೆ,

ಆ ಸಾಲು ನನ್ನ ಬಾಯಿಂದ ಹೋಯಿತು. ಅದು ಸುಳ್ಳೆಂದು ಗೊತ್ತಿದ್ದೂ ಹೋಯಿತು.

ಅತಿಥಿಗಳು ಬರುವ ಹಿಂದಿನ ದಿನ ಏರ್ಪಾಟು ನೋಡಲು ತವರೂರಿಗೆ ಹೋದೆ. ಚಪ್ಪಲಿ ಬಿಡುವ ಮೊದಲೇ ಅವ್ವ, ಗುರುಲಿಂಗವ್ವ ಅವಳ ಹೆಸರು, ಹಿಗ್ಗಿನಿಂದ ಹೇಳಿದಳು: "ನಿಮ್ಮ ಸಾಲಿ ಹುಡುಗ್ರು ಹೊಳಿದಂಡಿಗೆ ಪಾಂಡವರನ್ನ ಇಟ್ಟಾರಲ್ಲ ತಂಗಿ! ಎಷ್ಟ ಚೆಂದ ಬಣ್ಣಾ ಹಚ್ಚ್ಯಾವ ಕೂಸುಗೋಳು. ಅಮಾಸಿ ದಿನ ಊರ ಮಂದೆಲ್ಲಾ ಹೋಗಿ ಎಡಿ ಮಾಡಿ ಬಂದ್ವಿ. ನಾನೂ ಹೋಳಿಗಿ ಒಯ್ದು ಸುತ್ತೂ ಚರಗಾ ಚೆಲ್ಲಿ ಬಂದೇನಿ."

ನೀವು ಮಗ್ಗದ ಮನೆಯವರು, ನಿಮಗೆ ಹೊಳೆಯದಿದ್ದರೆ ತಪ್ಪಲ್ಲ. ನಮ್ಮ ಹೊಲಗಳಲ್ಲಿ ಎಳ್ಳಮಾವಾಸ್ಯೆಗೆ ಐದು ಕಲ್ಲು ಇಟ್ಟು, ಸುಣ್ಣ ಕೆಮ್ಮಣ್ಣು ಬಳಿದು, ಪಾಂಡವರೆಂದು ಪೂಜೆ ಮಾಡುತ್ತೇವೆ. ಅಡುಗೆಯನ್ನು ಸುತ್ತ ಚೆಲ್ಲುತ್ತೇವೆ. ಚಿಕ್ಕವಳಿದ್ದಾಗ ಆ ಚರಗದ ಬುಟ್ಟಿ ಹೊತ್ತವಳು ನಾನೇ. ಐದು ಕಲ್ಲು ಎಂದು ಬರೆಯುವಾಗ ನೆನಪಾಗಲಿಲ್ಲ. ಕೆಮ್ಮಣ್ಣಿನ ಪಟ್ಟಿ ನೋಡಿದಾಗಲೂ ಫೋಟೋ ಒಂದೇ ಕಣ್ಣಿಗೆ ಬಿತ್ತು. ದೇವರೆಂದು ತಿಳಿದರೆ ತುಳಿಯುವುದಿಲ್ಲ ಎಂದು ಹಿಗ್ಗಿದೆ. ದೇವರೆಂದು ತಿಳಿದವರು ಬರಿಗೈಯಲ್ಲಿ ಬರುವುದಿಲ್ಲ ಎಂಬುದು ತಲೆಗೆ ಬರಲಿಲ್ಲ.

ದಂಡೆಗೆ ಓಡಿದೆ. ಒಡೆದ ತೆಂಗಿನಕಾಯಿಯ ಚಿಪ್ಪು, ಒಣಗಿದ ಕಡುಬಿನ ಚೂರು. ಕಾಗೆಗಳು ಇನ್ನೂ ಹಾರಿರಲಿಲ್ಲ. ಎರಡು ನಾಯಿ ಮೂಸುತ್ತಿದ್ದವು. ಎಡೆಯ ವಾಸನೆಗೆ ಬಂದವು ತತ್ತಿಯನ್ನೂ ತಿಂದಿದ್ದವು, ತಗ್ಗಿನಲ್ಲಿ ಸಿಪ್ಪೆಯ ಚೂರು ಉಳಿದಿತ್ತು. ಕಲ್ಲಿಟ್ಟ ಗೂಡು ಒಂದೂ ಉಳಿದಿರಲಿಲ್ಲ. ಮಕ್ಕಳಿಗೆ ಸುಣ್ಣ ಸಾಲದೆ ಬಿಟ್ಟ ಗೂಡು ಒಂದು ಆಚೆ ಇತ್ತು. ಅದರಲ್ಲಿ ಹಕ್ಕಿ ಹಾಯಾಗಿ ಕಾವು ಕೂತಿತ್ತು. ಅತಿಥಿಗಳು ದುರ್ಬೀನಿನಲ್ಲಿ ನೋಡಿ ಸಂತೋಷಪಟ್ಟದ್ದು ಅದನ್ನೇ. ನಮ್ಮ ಕಾವಲು ಇಲ್ಲದ್ದರಿಂದ ಬದುಕಿದ ಗೂಡನ್ನು ನಮ್ಮ ಕಾವಲಿನಿಂದ ಬದುಕಿತೆಂದು ತೋರಿಸಿದೆ.

ನಿಮ್ಮೂರಿಗೆ ಏಕೆ ಹೋಗಲಿಲ್ಲ, ಅಲ್ಲಿನ ಗೂಡುಗಳು ಏನಾದವು ಎಂದು ಅವರು ಕೇಳಿದರು. ನನ್ನ ಐದು ಕಲ್ಲು, ನನ್ನ ಬಹುಮಾನ, ನನ್ನವ್ವನಂಥವರ ಹೋಳಿಗೆ ಎಂದು ಹೇಳಬೇಕಿತ್ತು. 'ಬೇಟೆ' ಎಂದೆ. ಯಾರು ಎಂದರು. ನಿಮ್ಮ ಕಾಗದದಲ್ಲಿದ್ದ ಚಂದಪ್ಪ ತಯಾರಾಗಿದ್ದ. ನಾನು ಅವನನ್ನು ಒಮ್ಮೆಯೂ ನೋಡಿಲ್ಲ ಅಕ್ಕೋರೆ. ಮುಖ ನೋಡದ ಮನುಷ್ಯನ ಮೇಲೆ ಗೂಬೆ ಕೂರಿಸುವುದು ಎಷ್ಟು ಸಲೀಸು ಎಂದು ಆ ದಿನ ತಿಳಿಯಿತು.

ನಿಮ್ಮ ಏಪ್ರಿಲ್ ಕಾಗದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಎದ್ದುಹೋದೆ. ನಾಚಿಕೆ ಎಂದರೆ ಕೆನ್ನೆ ಬಿಸಿಯಾಗುವುದು ಎಂದುಕೊಂಡಿದ್ದೆ. ಇದು ಊಟಕ್ಕೆ ಕೂತಾಗ ಪಕ್ಕದಲ್ಲಿ ಬಂದು ಕೂರುತ್ತದೆ. ಅವ್ವ ತಟ್ಟೆಗೆ ಹೋಳಿಗೆ ಹಾಕಿದರೆ ನುಂಗಲಾರೆ. ಅವಳಿಗೆ ಕಾರಣವನ್ನೂ ಹೇಳಲಾರೆ.

ಸಂಸ್ಥೆಗೆ ತಿದ್ದುಪಡಿ ಹಾಕಿ ಎಂದು ಬರೆದಿದ್ದೇನೆ. ಮುಂದಿನ ಸಂಚಿಕೆಯಲ್ಲಿ ನೋಡೋಣ ಎಂದಿದ್ದಾರೆ. ಅದು ಸಾಲದು. ಸಕ್ರವ್ವ ಹೇಳಿದಂತೆ ಅವರ ಮನೆಯ ಮುಂದೆ, ಊರವರ ಎದುರು ನಿಂತು ಹೇಳುತ್ತೇನೆ. ಯಾವ ದಿನ ಬರಲಿ? ಹುಡುಗಿಯ ಹೆಸರು ಮಾತ್ರ ತೆಗೆಯಬೇಡಿ.

ಮಹೇಶ್ವರಿ

*

19 ಜೂನ್ 2025

ಮಹೇಶ್ವರಿಯವರಿಗೆ,

ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಹರಿದು ಒಗೆಯುವಷ್ಟು ಸಿಟ್ಟು ಬಂತು. ಆಮೇಲಿನ ಸಿಟ್ಟು ನಿಮ್ಮ ಮೇಲಿನದಲ್ಲ. ಕುಂಕುಮ ಕಂಡೆ, ತೆಂಗಿನ ಚಿಪ್ಪನ್ನೂ ಕಂಡಿದ್ದೆ. ಕೈಮುಗಿದವರು ಒಳ್ಳೆಯವರು ಎಂದು ನಾನೇ ಬರೆದುಕೊಟ್ಟೆ. ಕಾರಣ ಕಾಲ ಬುಡದಲ್ಲೇ ಬಿದ್ದಿತ್ತು.

ಮಣ್ಣೆತ್ತಿನ ಅಮಾವಾಸ್ಯೆಗೆ ಚಂದಪ್ಪ ಊರಿಗೆ ಬರುತ್ತಾನಂತೆ. ಮಗಳ ಟಿಸಿ ಒಯ್ಯಲು. ಇಪ್ಪತ್ತೆಂಟರ ಶನಿವಾರ ಶಾಲೆಯಲ್ಲಿ ಪಾಲಕರ ಸಭೆ ಕರೆಯಲು ಕಾಶಪ್ಪನವರಿಗೆ ಹೇಳಿದ್ದೇನೆ. ಸಕ್ರವ್ವನ ಮನೆ ಶಾಲೆಯ ಎದುರಿಗೇ ಇದೆ. ಬನ್ನಿ. ಭಾಷಣ ಮಾಡಬೇಡಿ.

ಇಂದ್ರಾಬಾಯಿ

*

ಇಳಕಲ್
30 ಜೂನ್ 2025

ಅಕ್ಕೋರೆ,

ಸಭೆಯಲ್ಲಿ ನೀವೂ ಇದ್ದಿರಿ. ಆದರೂ ಬರೆಯದಿದ್ದರೆ ನನಗೆ ನಿದ್ದೆಯಿಲ್ಲ.

ಬರುವಾಗ ಬಸ್ಸಿನಲ್ಲಿ ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕಲ್ಲು ಎಸೆದರೂ ಎಸೆಯಲಿ ಎಂದುಕೊಂಡಿದ್ದೆ. ಹೇಳಿ ಮುಗಿಸಿದಾಗ ಏನಾಯಿತು? ಕಾಶಪ್ಪನವರು ನಕ್ಕರು. "ಹೋಗ್ಲಿ ಬಿಡ್ರಿ ಮೇಡಮ್ಮರ. ನಡಿಯೂ ಕಾಲು ಎಡವ್ತಾವ. ಹಕ್ಕಿ ತತ್ತಿ ಅಷ್ಟ ಅಲ್ಲೇನ್ರಿ. ಇಷ್ಟ ದೂರ ಬಂದು ಒಪ್ಕೊಂಡ್ರಲ್ಲ, ನಿಮ್ಮದು ದೊಡ್ಡ ಗುಣ" ಎಂದರು. ಶಾಲು ಹೊದಿಸಿದರು. ಹೆಂಗಸರು ಖಣ, ಕಾಯಿ ಕೊಟ್ಟು ಉಡಿ ತುಂಬಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಚಂದಪ್ಪನ ಕಡೆಗೆ ಒಬ್ಬರಾದರೂ ತಿರುಗಿ 'ತಪ್ಪಾಯಿತಪ್ಪ' ಎನ್ನಲಿಲ್ಲ. ಅವನು ಮಾಡದ ತಪ್ಪಿಗೆ ಗೋವೆಯವರೆಗೂ ಅಟ್ಟಿದ ಊರು, ಮಾಡಿದ ನನಗೆ ಶಾಲು ಹೊದಿಸಿತು. ನಾನು ಅದನ್ನು ಕಿತ್ತು ಒಗೆಯಬೇಕಿತ್ತು. ಒಗೆಯಲಿಲ್ಲ. ಹೆಗಲ ಮೇಲೆ ಸರಿಮಾಡಿಕೊಂಡೆ. ಅದನ್ನು ನೆನೆದರೆ ಇಲ್ಲಿ ಒಬ್ಬಳೇ ಕೂತಾಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಆಮೇಲೆ ಚಂದಪ್ಪನ ಮುಂದೆ ಹೋಗಿ ಕೈಮುಗಿದೆ. "ಆತ್ರಿ" ಎಂದ, ಅಷ್ಟೇ. ಸಕ್ರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು.

ನೀವು ಚಹಾ ತರಿಸಲು ಹೋಗಿದ್ದಾಗ ಕಸ್ತೂರಿ ನನ್ನ ಹತ್ತಿರ ಬಂದಳು. ಮೊದಲ ಸಲ ಅವಳನ್ನು ನೋಡಿದೆ. ಸಣ್ಣ ಹುಡುಗಿ, ಎರಡು ಜಡೆ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದ ಹಾಗೆ ಕೇಳಿದಳು: "ಅಕ್ಕೋರ, ನೀವು ತಪ್ಪ ಮಾಡೀನಿ ಅಂದ್ರಿ. ಮತ್ತ ನಿಮ್ಮ ಚೀಲಾ ಯಾರೂ ಝಾಡಿಸ್ಲೇ ಇಲ್ಲಲ್ರಿ?"

ನನಗೆ ಅರ್ಥವಾಗಲಿಲ್ಲ. ಕೇಳುವಷ್ಟರಲ್ಲಿ ಅವಳು ಹೋಗಿದ್ದಳು. ಚಹಾ ತಂದ ನಿಮ್ಮನ್ನು ಕೇಳಿದೆ. ನೀವು ಬಸ್ಸಿಗೆ ಹೊತ್ತಾಯಿತು ಎಂದಿರಿ. ಯಾವ ಚೀಲ ಅಕ್ಕೋರೆ?

ಮಹೇಶ್ವರಿ

*

13 ಜುಲೈ 2025

ತಂಗಿ ಮಹೇಶ್ವರಿ,

ಇನ್ನು ಮೇಡಮ್ಮ ಎನ್ನಲಾರೆ. ಇಬ್ಬರೂ ಒಂದೇ ಕೆಸರಿನಲ್ಲಿ ನಿಂತಿದ್ದೇವೆ.

'ನಯವಾಗಿ ವಿಚಾರಿಸಿ' ಎಂದು ನೀನು ಬರೆದಿದ್ದೆ. 'ವಿಚಾರಿಸಿದೆ' ಎಂದು ನಾನು ಬರೆದೆ. ಹೇಗೆ ಎಂಬುದನ್ನು ಬರೆಯಲಿಲ್ಲ. ಅವಳನ್ನು ತರಗತಿಯ ಮುಂದೆ ಕರೆದು ನಿಲ್ಲಿಸಿ, "ಚೀಲಾ ಝಾಡಿಸು" ಎಂದೆ. ತತ್ತಿ ಕದ್ದವರು ಐದಾರು ದಿನ ಬಿಟ್ಟು ಶಾಲೆಯ ಚೀಲದಲ್ಲಿ ಇಟ್ಟುಕೊಂಡಿರುತ್ತಾರೆಯೇ? ಮೂವತ್ತು ವರ್ಷ ಪಾಠ ಹೇಳಿದವಳಿಗೆ ಅಷ್ಟೂ ತಿಳಿಯಲಿಲ್ಲ. ಎರಡು ಪುಸ್ತಕ ಬಿದ್ದವು. ಅರಿವೆಯಲ್ಲಿ ಸುತ್ತಿದ ಅರ್ಧ ರೊಟ್ಟಿ ಬಿತ್ತು. ನೀನು ಹಂಚಿದ ಹಕ್ಕಿ ಚಿತ್ರಗಳು, ಮಡಿಕೆ ಬೀಳದ ಹಾಗೆ ರಟ್ಟಿನ ನಡುವೆ ಇಟ್ಟವು, ಬಿದ್ದವು. ಹುಡುಗರು ರೊಟ್ಟಿ ನೋಡಿ ನಕ್ಕರು. ಅವಳು ಒಂದೊಂದೇ ಆರಿಸಿ ಚೀಲಕ್ಕೆ ಹಾಕಿಕೊಂಡಳು. ನಾನು "ಕೂಡು ಹೋಗು" ಎಂದು ಪಾಠ ಮುಂದುವರಿಸಿದೆ. ಯಾವ ಪಾಠವೆಂದರೆ ಅದೇ, ನಿನ್ನ ನೆಲಗೂಡಿನ ಪಾಠ. ಚೀಲದ ಮಾತು ನಿನ್ನ ಕಾಗದದಲ್ಲಿರಲಿಲ್ಲ. ಅದು ನನ್ನದೇ ಬುದ್ಧಿ. ಸಭೆಯಲ್ಲಿ ನೀನು ತಲೆ ತಗ್ಗಿಸಿ ನಿಂತಾಗ ನಾನೂ ಎದ್ದು ಹೇಳಬೇಕಿತ್ತು. ಎದ್ದದ್ದು ಚಹಾ ತರಿಸಲು.

ನಿನ್ನ ಕಾಗದ ಬಂದ ಸಂಜೆಯೇ ಅವರ ಮನೆಗೆ ಹೋದೆ. "ನನ್ನ ಕಡಿಂದ ತಪ್ಪಾತವ್ವ ಕಸ್ತೂರಿ" ಎಂದೆ. ಅವಳು ನೀರು ತಂದುಕೊಟ್ಟಳು. ಚಂದಪ್ಪ, "ಹುಡುಗಿ ಸಾಲಿಗೆ ಬರ್ತಾಳ್ರಿ. ಓದೂದು ಬಿಡಸಂಗಿಲ್ಲ. ಹಕ್ಕಿ ಗಿಕ್ಕಿ ಮಾತ್ರ ಬ್ಯಾಡ್ರಿ" ಎಂದ. ಹೂಂ ಎಂದೆ. ಮರುದಿನ ಎಲ್ಲ ಮಕ್ಕಳ ಮುಂದೆ ಚೀಲದ ವಿಷಯ ನಾನೇ ಎತ್ತಿ ತಪ್ಪು ಒಪ್ಪಿಕೊಂಡೆ. ಅವಳು ಕೊನೆಯ ಸಾಲಿನಲ್ಲಿ ಕೂತು ಪುಸ್ತಕ ನೋಡುತ್ತಿದ್ದಳು. ಈಗ ಅಲ್ಲೇ ಕೂಡುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ನನ್ನ ಕೈ ಹಿಡಿಯುವುದಿಲ್ಲ.

ನಿನ್ನೆ ಶನಿವಾರ ಮಕ್ಕಳನ್ನು ಹೊಳೆಯ ಮೇಲಿನ ಬೀಳು ಭೂಮಿಗೆ ಕರೆದೊಯ್ದೆ. ಇಡೀ ಶಾಲೆ ಹೊರಟಿತ್ತು, ಹಾಗಾಗಿ ಅವಳೂ ಬಂದಳು. ಟಿಟ್ಟಿಭಗಳು ಚೀರುತ್ತಿದ್ದವು, ಎಲ್ಲೋ ಮತ್ತೆ ತತ್ತಿ ಇಟ್ಟಿವೆ ಎಂದು ನನಗೂ ತಿಳಿಯಿತು. ಕಲ್ಲೇಶ ಮತ್ತು ಅವನ ದಂಡು ಹುಡುಕಿ ಹುಡುಕಿ ಸುಸ್ತಾದರು. ಕಸ್ತೂರಿ ಎಲ್ಲರ ಹಿಂದೆ ನೆಲ ನೋಡದೆ ಬರುತ್ತಿದ್ದಳು. ಒಂದು ಕಡೆ ನೇರ ಇಡಬೇಕಿದ್ದ ಹೆಜ್ಜೆಯನ್ನು ಅಡ್ಡ ಇಟ್ಟು, ಸುತ್ತು ಹಾಕಿ, ನಿಲ್ಲದೆ ಮುಂದೆ ಹೋದಳು. ಹಿಂದೆ ಬರುತ್ತಿದ್ದ ಚಿಕ್ಕವನೊಬ್ಬನನ್ನು ತೋಳು ಹಿಡಿದು ಈಚೆ ಎಳೆದುಕೊಂಡಳು.

ನಾನು ಅಲ್ಲಿಗೆ ಹೋಗಿ ಬಗ್ಗಿ ನೋಡಿದೆ. ನಾಲ್ಕು ತತ್ತಿ ಇದ್ದವು.

"ಕಸ್ತೂರಿ" ಎಂದು ಮೆಲ್ಲಗೆ ಕರೆದೆ. "ಇಲ್ಲಿ ತತ್ತಿ ಅದಾವಲ್ಲವ್ವಾ? ನೀ ನೋಡಿದಿ ಹೌದಿಲ್ಲೋ?"

ಅವಳು ಬೆನ್ನ ಮೇಲಿನ ಚೀಲ ಇಳಿಸಿ, ಅದರ ಬಾಯಿ ಬಿಚ್ಚಿ, ನನ್ನ ಮುಂದೆ ಹಿಡಿದಳು.

"ನಾ ಏನೂ ನೋಡಿಲ್ರಿ ಅಕ್ಕೋರ" ಎಂದಳು.

ಇಂದ್ರಾಬಾಯಿ